ಬಾಗಿಲು ಮುಚ್ಚಿದ ದಿನ, ತೆರೆದ ದಿನ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಕೊನೆಯ ಭಾಗ ಸಭಿಕರ ಪ್ರಶ್ನೆಗೆ ಕೊಟ್ಟ ಉತ್ತರ.)

ಎಲ್ಲರಿಗೂ ನಮಸ್ಕಾರ.

ಕೋವಿಡ್ ಅಂದ ತಕ್ಷಣ ಈಗ ಜನ ಮುಖ ತಿರುಗಿಸುತ್ತಾರೆ, ಗೊತ್ತು. ಹಾಗಾಗಿ ಅಲ್ಲಿಂದ ನೂರು ವರ್ಷ ಹಿಂದಕ್ಕೆ ಹೋಗಿ ಮಾತು ಶುರು ಮಾಡುತ್ತೇನೆ.

1918ರ ನವೆಂಬರ್ 7ರಂದು ಪೆಸಿಫಿಕ್ ಸಾಗರದ ಪಶ್ಚಿಮ ಸಮೋವಾಕ್ಕೆ, ಆಪಿಯಾ ಬಂದರಿಗೆ, ಟಲೂನ್ ಎಂಬ ಹಡಗು ಬಂತು. ಅದು ಹೊರಟಿದ್ದು ಆಕ್ಲೆಂಡಿನಿಂದ. ಆಕ್ಲೆಂಡಿನಲ್ಲಿ ಆಗ ಇನ್‌ಫ್ಲುಯೆಂಜಾ ಮನೆಮನೆಗೆ ಹಬ್ಬಿತ್ತು, ಹಡಗಿನಲ್ಲೂ ಜ್ವರದವರಿದ್ದರು. ಪಶ್ಚಿಮ ಸಮೋವಾ ಆಗ ನ್ಯೂಜಿಲೆಂಡಿನ ಮಿಲಿಟರಿ ಆಡಳಿತದಲ್ಲಿತ್ತು. ಅಧಿಕಾರಿಗಳು ಹಡಗನ್ನು ತಡೆಯಲಿಲ್ಲ, ಪ್ರಯಾಣಿಕರು ಇಳಿದು ಊರೊಳಗೆ ಹೋದರು. ಮುಂದಿನ ಕೆಲವು ವಾರಗಳಲ್ಲಿ ಸುಮಾರು 8,500 ಜನ ಸತ್ತರು. ಅಂದರೆ ಐದು ಜನಕ್ಕೆ ಒಬ್ಬರಿಗಿಂತ ಹೆಚ್ಚು. ಅದೇ ದ್ವೀಪಸಮೂಹದ ಇನ್ನೊಂದು ತುದಿ ಅಮೆರಿಕದ ಕೈಯಲ್ಲಿತ್ತು. ಅಲ್ಲಿನ ಗವರ್ನರ್ ಜಾನ್ ಪೊಯರ್ ಬಂದರು ಮುಚ್ಚಿಸಿದ, ಬಂದ ಹಡಗುಗಳನ್ನು ದೂರ ನಿಲ್ಲಿಸಿದ. ಅಮೆರಿಕನ್ ಸಮೋವಾದಲ್ಲಿ ಆ ಜ್ವರಕ್ಕೆ ಸತ್ತವರ ಸಂಖ್ಯೆ ಸೊನ್ನೆ. ಒಂದೇ ಜನ, ಒಂದೇ ಭಾಷೆ, ಒಂದೇ ಸಮುದ್ರ. ಪಶ್ಚಿಮ ಸಮೋವಾದವರು ಅದನ್ನು ಮರೆಯಲಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಹೋಗಿ, ಇದೂ ಸೇರಿದಂತೆ ಹಳೆಯ ಆಡಳಿತದ ತಪ್ಪುಗಳಿಗೆ ಕ್ಷಮೆ ಕೇಳಿದರು.

2020ರಲ್ಲಿ ಅದೇ ನ್ಯೂಜಿಲೆಂಡ್ ವೈರಸ್ಸನ್ನು ತನ್ನ ನೆಲದಿಂದ ಪೂರ್ತಿ ಇಲ್ಲವಾಗಿಸುತ್ತೇನೆ ಅಂತ ಹೊರಟಿತು. ಈ ಪ್ರಯತ್ನದ ಬಗ್ಗೆ ನಮ್ಮಲ್ಲಿ ಎರಡೇ ಥರದ ಮಾತು ಕೇಳಿದ್ದೇನೆ. 'ಆಹಾ ಜಸಿಂಡಾ ಆರ್ಡರ್ನ್' ಅನ್ನುವುದು ಒಂದು, ಆಗ ಅಲ್ಲಿನ ಪ್ರಧಾನಿ ಆಕೆ. 'ನಮ್ಮ ಒಂದು ಬೆಂಗಳೂರಿನ ಅರ್ಧ ಜನಸಂಖ್ಯೆ, ಯಾರು ಬೇಕಾದರೂ ಮಾಡಬಹುದಿತ್ತು' ಅನ್ನುವುದು ಇನ್ನೊಂದು. ಎರಡೂ ಲಾಕ್‌ಡೌನ್ ಮೇಲೇ ಕಣ್ಣಿಟ್ಟ ಮಾತುಗಳು. ನನ್ನ ಮಟ್ಟಿಗೆ ಲಾಕ್‌ಡೌನ್ ಈ ಕಥೆಯ ಸಣ್ಣ ಭಾಗ. ಗಡಿಯನ್ನು ಹೇಗೆ ಕಾದರು, ಅದರ ಬೆಲೆ ಯಾರು ತೆತ್ತರು, ಕೊನೆಗೆ ಯಾವಾಗ ತೆರೆದರು ಅನ್ನುವುದೇ ದೊಡ್ಡದು.

ಮೊದಲು ಲೆಕ್ಕ. ನ್ಯೂಜಿಲೆಂಡಿನಲ್ಲಿ ಮೊದಲ ಪ್ರಕರಣ ಸಿಕ್ಕಿದ್ದು 2020ರ ಫೆಬ್ರವರಿ 28ಕ್ಕೆ. ಆಗ ಸರ್ಕಾರದ ಕೈಯಲ್ಲಿದ್ದದ್ದು ಇನ್‌ಫ್ಲುಯೆಂಜಾಗೆ ಅಂತ ಬರೆದಿಟ್ಟಿದ್ದ ಯೋಜನೆ. ಫ್ಲೂ ಒಮ್ಮೆ ಒಳಗೆ ಬಂದರೆ ತಡೆಯಲಾಗದು, ಆಸ್ಪತ್ರೆಗಳು ತುಂಬಿ ಒಡೆಯದ ಹಾಗೆ ವೇಗ ತಗ್ಗಿಸಬಹುದು ಅಷ್ಟೇ, ಅನ್ನುವುದು ಅದರ ಹಿಂದಿನ ಯೋಚನೆ. ಜಗತ್ತಿನ ಬಹುಪಾಲು ದೇಶಗಳು ಹಾಗೇ ಯೋಚಿಸಿದವು. ಒಟಾಗೋ ವಿಶ್ವವಿದ್ಯಾಲಯದ ಸಾಂಕ್ರಾಮಿಕ ರೋಗ ತಜ್ಞ ಮೈಕೆಲ್ ಬೇಕರ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾ ಜಂಟಿಯಾಗಿ ಫೆಬ್ರವರಿಯಲ್ಲಿ ಕೊಟ್ಟ ವರದಿ ಓದಿ ಬೇರೆ ತೀರ್ಮಾನಕ್ಕೆ ಬಂದರು. ಇದು ಫ್ಲೂ ಅಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಫ್ಲೂಗಿಂತ ಹೆಚ್ಚು ದಿನ ಬೇಕು. ಆ ಕೆಲವು ದಿನಗಳ ಅಂತರದಲ್ಲಿ ಸಂಪರ್ಕಿತರನ್ನು ಹುಡುಕಿ ಕೂರಿಸಿಬಿಟ್ಟರೆ ಸರಪಳಿ ತುಂಡಾಗುತ್ತದೆ. ವುಹಾನ್‌ನಂಥ ಊರಲ್ಲೇ ಹಬ್ಬಿದ್ದನ್ನು ಇಳಿಸಿದ್ದಾರೆ, ಇಲ್ಲಿ ಯಾಕಾಗಬಾರದು ಅಂತ ಅವರ ವಾದ.

ಈಗ ಪೆನ್ನು ಬೇಡ, ಮನಸ್ಸಿನಲ್ಲೇ ಲೆಕ್ಕ ಹಾಕಿ. ಒಂದು ಊರಲ್ಲಿ 1,000 ಸೋಂಕಿತರಿದ್ದಾರೆ. ನಿರ್ಬಂಧ ಎಷ್ಟು ಬಿಗಿ ಅಂದರೆ, ಹತ್ತು ಸೋಂಕಿತರು ಸೇರಿ ನಾಲ್ಕೇ ಜನಕ್ಕೆ ಹಚ್ಚುತ್ತಾರೆ. ಒಂದು ಸುತ್ತಿಗೆ ಐದು ದಿನ ಅಂತಿಟ್ಟುಕೊಳ್ಳಿ. ಸಾವಿರ ಇದ್ದದ್ದು 400 ಆಗುತ್ತದೆ, ಆಮೇಲೆ 160, 64, 26, 10, 4. ಎಂಟನೇ ಸುತ್ತಿಗೆ, ಅಂದರೆ ಸುಮಾರು 40 ದಿನಕ್ಕೆ, ಕೈಬೆರಳಲ್ಲಿ ಎಣಿಸುವಷ್ಟೂ ಉಳಿಯುವುದಿಲ್ಲ. ಈಗ ಒಂಚೂರು ಸಡಿಲಿಸಿ. ಹತ್ತು ಜನ ಸೇರಿ ಒಂಬತ್ತು ಜನಕ್ಕೆ ಹಚ್ಚಲಿ. ಇಲ್ಲೂ ಸಂಖ್ಯೆ ಇಳಿಯುತ್ತಲೇ ಇದೆ, ಪತ್ರಿಕೆಯಲ್ಲಿ 'ಸೋಂಕು ಇಳಿಮುಖ' ಅಂತ ತಲೆಬರಹವೂ ಬರುತ್ತದೆ. ಆದರೆ ಸಾವಿರ ಹೋಗಿ ಒಂದಾಗಲು 65ಕ್ಕೂ ಹೆಚ್ಚು ಸುತ್ತು, ಹತ್ತಿರ ಹತ್ತಿರ ಹನ್ನೊಂದು ತಿಂಗಳು. ಅಷ್ಟು ದಿನ ಅಂಗಡಿ ಮುಚ್ಚಿ ಕೂರುವ ಊರು ಭೂಮಿ ಮೇಲಿಲ್ಲ. ಮೂರನೇ ತಿಂಗಳಿಗೆ ಜನ ಬೇಸತ್ತು ಹೊರಗೆ ಬರುತ್ತಾರೆ, ಸಂಖ್ಯೆ ಮತ್ತೆ ಏರುತ್ತದೆ, ಮತ್ತೆ ಲಾಕ್‌ಡೌನ್. ಅರ್ಧ ಆರಿಸಿದ ಒಲೆಯ ಹಾಗೆ, ಹೊಗೆಯೂ ತಪ್ಪಲಿಲ್ಲ, ಅಡುಗೆಯೂ ಆಗಲಿಲ್ಲ.

ಬೇಕರ್ ಮತ್ತು ಅವರ ಜೊತೆಯವರು ಸರ್ಕಾರಕ್ಕೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಹೇಗಿದ್ದರೂ ಮುಚ್ಚಲೇಬೇಕಾದ ಸ್ಥಿತಿ ಬರುತ್ತದೆ. ಮುಚ್ಚುವುದೇ ಆದರೆ ಈಗಲೇ ಬಿಗಿಯಾಗಿ ಮುಚ್ಚಿ, ಬೇಗ ಮುಗಿಸಿ. ದೇಶದಲ್ಲಿ ಐಸಿಯು ಹಾಸಿಗೆಗಳು ಕಡಿಮೆ ಎಂಬ ಭಯವೂ ಜೊತೆಗಿತ್ತು. ಅದನ್ನು ಸುಳ್ಳು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಮಾರ್ಚ್ 25, 2020. ಈ ತಾರೀಖು ನಮಗೂ ನೆನಪಿದೆ. ಭಾರತದ 21 ದಿನಗಳ ಲಾಕ್‌ಡೌನ್ ಶುರುವಾದ ದಿನವೇ ರಾತ್ರಿ 11.59ಕ್ಕೆ ನ್ಯೂಜಿಲೆಂಡ್ ನಾಲ್ಕನೇ ಹಂತದ, ಅಂದರೆ ಅಲ್ಲಿನ ಅತಿ ಬಿಗಿಯಾದ, ಲಾಕ್‌ಡೌನಿಗೆ ಹೋಯಿತು. ನಿರ್ಬಂಧಗಳ ಬಿಗಿಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ದೇಶದೇಶಗಳಿಗೂ ಅಂಕ ಕೊಟ್ಟು ಅಳೆಯುತ್ತಿದ್ದರು. ಅದರಲ್ಲಿ ಭಾರತಕ್ಕೆ ನೂರಕ್ಕೆ ನೂರು ಬಂತು, ನ್ಯೂಜಿಲೆಂಡಿಗೆ ನೂರಕ್ಕೆ ಕೆಲವು ಅಂಕ ಕಡಿಮೆ. ಕಾಗದದ ಮೇಲೆ ನಾವೇ ಹೆಚ್ಚು ಬಿಗಿ. ಹಾಗಾದರೆ ವ್ಯತ್ಯಾಸ ಎಲ್ಲಿ? ಅಲ್ಲಿ ಪ್ರಧಾನಿ ಸೋಮವಾರ ಮಧ್ಯಾಹ್ನ ಹೇಳಿದರು: 48 ಗಂಟೆ ಸಮಯವಿದೆ, ಎಲ್ಲಿ ಇರಬೇಕೋ ಅಲ್ಲಿಗೆ ತಲುಪಿ. ನಮಗೆ ಸಿಕ್ಕಿದ್ದು ರಾತ್ರಿ ಎಂಟರಿಂದ ಹನ್ನೆರಡರವರೆಗೆ, ನಾಲ್ಕು ಗಂಟೆ. ಅಲ್ಲಿ ಪೂರ್ಣಾವಧಿ ನೌಕರನೊಬ್ಬನಿಗೆ ವಾರಕ್ಕೆ 585 ಡಾಲರ್ 80 ಸೆಂಟ್‌ನಂತೆ 12 ವಾರದ ಸಂಬಳದ ನೆರವನ್ನು ಸರ್ಕಾರ ಮಾಲೀಕರಿಗೆ ಒಂದೇ ಗಂಟಿನಲ್ಲಿ ಕೊಟ್ಟಿತು. ಯಾವ ಕಂಪನಿ ಎಷ್ಟು ತಗೊಂಡಿದೆ ಅಂತ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹುಡುಕಿ ನೋಡಬಹುದಿತ್ತು. ಇಲ್ಲಿ ಬೆಂಗಳೂರಿನ ಕಟ್ಟಡ ಕಾರ್ಮಿಕರು ರಾಯಚೂರಿಗೆ, ಕಲಬುರಗಿಗೆ ನಡೆದುಕೊಂಡು ಹೊರಟರು. ಹಸಿದವನನ್ನು ಮನೆಯಲ್ಲಿ ಕೂರಿಸಿ ಹತ್ತನ್ನು ನಾಲ್ಕಕ್ಕೆ ಇಳಿಸಲು ಯಾವ ಪೊಲೀಸ್ ಲಾಠಿಗೂ ಆಗುವುದಿಲ್ಲ.

ಹಾಗಂತ ಅಲ್ಲಿ ಎಲ್ಲ ನೆಟ್ಟಗಿತ್ತು ಅಂತಲ್ಲ. ಆರೋಗ್ಯ ಸಚಿವರೇ ಲಾಕ್‌ಡೌನ್ ಮುರಿದು ಸೈಕಲ್ ಹೊಡೆಯಲು, ಸಂಸಾರದೊಂದಿಗೆ ಸಮುದ್ರ ತೀರಕ್ಕೆ ಹೋಗಿ ಸಿಕ್ಕಿಬಿದ್ದರು, ಜುಲೈನಲ್ಲಿ ಹುದ್ದೆ ಬಿಟ್ಟರು. ಇನ್ನೂ ಗಂಭೀರವಾದ ಮಾತು: ಲಾಕ್‌ಡೌನಿನ ಮೊದಲ ಒಂಬತ್ತು ದಿನ 'ಮನೆಯಲ್ಲೇ ಇರಿ' ಅನ್ನುವ ಆದೇಶಕ್ಕೆ ಕಾನೂನಿನ ಆಧಾರವೇ ಇರಲಿಲ್ಲ ಎಂದು ಅಲ್ಲಿನ ಹೈಕೋರ್ಟ್ ಆಗಸ್ಟ್‌ನಲ್ಲಿ ಹೇಳಿತು. ಉದ್ದೇಶ ಸರಿ, ಅಗತ್ಯವೂ ಇತ್ತು, ಆದರೆ ಕಾನೂನುಬದ್ಧವಾಗಿರಲಿಲ್ಲ ಅಂತ. ಬಹುತೇಕ ಇಡೀ ದೇಶ ಸರ್ಕಾರದ ಬೆನ್ನಿಗಿದ್ದಾಗ ಒಬ್ಬ ವಕೀಲ ಹೋಗಿ ಕೇಸು ಹಾಕಿದ, ಕೋರ್ಟು ಕೇಳಿಸಿಕೊಂಡಿತು ಎನ್ನುವುದೇ ನನಗೆ ಇಷ್ಟವಾದ ಸಂಗತಿ. (ಈಸ್ಟರ್ ಹಬ್ಬಕ್ಕೆ ಮೊಟ್ಟೆ ತರುವ ಕಥೆಯ ಮೊಲವೂ, ಬಿದ್ದ ಹಲ್ಲಿಗೆ ಕಾಸು ಇಡುವ ಕಥೆಯ ಕಿನ್ನರಿಯೂ ಅಗತ್ಯ ಸೇವೆಯಡಿ ಬರುತ್ತಾರೆ ಅಂತ ಪ್ರಧಾನಿ ಪತ್ರಿಕಾಗೋಷ್ಠಿಯಲ್ಲಿ ಮಕ್ಕಳಿಗೆ ಭರವಸೆ ಕೊಟ್ಟದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಲ್ಲಿ ಕೂತ ಮಕ್ಕಳು ನಿದ್ದೆ ಮಾಡುತ್ತಾರೆ.)

ಜೂನ್ 8ಕ್ಕೆ ನ್ಯೂಜಿಲೆಂಡಿನಲ್ಲಿ ಸಕ್ರಿಯ ಪ್ರಕರಣ ಸೊನ್ನೆ. ಅಲ್ಲಿಯವರೆಗೆ ಒಟ್ಟು ಸುಮಾರು 1,500 ಪ್ರಕರಣ, 22 ಸಾವು. ಆ ಚಳಿಗಾಲದಲ್ಲಿ ಫ್ಲೂ ಕೂಡ ಕಾಣಿಸಲಿಲ್ಲ.

ಜನ ಸಾಮಾನ್ಯವಾಗಿ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು. ಹೊರಗಿನ ಜಗತ್ತು ಹೊತ್ತಿ ಉರಿಯುತ್ತಿದೆ, ನಿಮ್ಮದೇ ಪ್ರಜೆಗಳು ದಿನಾ ವಿಮಾನದಲ್ಲಿ ಬಂದಿಳಿಯುತ್ತಿದ್ದಾರೆ. ಅದಕ್ಕೆ ಏಪ್ರಿಲ್‌ನಿಂದಲೇ ಒಂದು ವ್ಯವಸ್ಥೆ ಮಾಡಿದ್ದರು. ಬಂದವರೆಲ್ಲ 14 ದಿನ ಸರ್ಕಾರ ಹಿಡಿದ ಹೋಟೆಲಿನಲ್ಲಿರಬೇಕು. ಜೂನ್‌ನಲ್ಲಿ, ಸಾವಿನ ಮನೆಗೆ ಹೋಗಬೇಕೆಂದು ಅವಧಿಗೆ ಮುಂಚೆ, ಪರೀಕ್ಷೆಯನ್ನೂ ಮಾಡದೆ ಬಿಡುಗಡೆ ಮಾಡಿದ್ದ ಇಬ್ಬರಿಗೆ ಆಮೇಲೆ ಪಾಸಿಟಿವ್ ಬಂತು. ಅವರು ಆಕ್ಲೆಂಡಿನಿಂದ ವೆಲಿಂಗ್ಟನ್‌ವರೆಗೆ ಕಾರಿನಲ್ಲಿ ಹೋಗಿದ್ದರು. ಅದೃಷ್ಟಕ್ಕೆ ಹರಡಲಿಲ್ಲ. ಮರುದಿನವೇ ಸರ್ಕಾರ ವಾಯುಪಡೆಯ ಹಿರಿಯ ಅಧಿಕಾರಿಯೊಬ್ಬರನ್ನು ಮೇಲ್ವಿಚಾರಣೆಗೆ ಹಾಕಿತು.

ವೈರಸ್ ಎಂಥಾ ಸಂದಿಯಲ್ಲಿ ನುಸುಳುತ್ತದೆ ಎನ್ನುವುದನ್ನು ಈ ಹೋಟೆಲುಗಳೇ ಕಲಿಸಿದವು. ಎರಡು ಪ್ರಸಂಗ ಹೇಳುತ್ತೇನೆ. ಆಕ್ಲೆಂಡಿನ ಒಂದು ಕ್ವಾರಂಟೈನ್ ಹೋಟೆಲಿನ ದುರಸ್ತಿ ಕೆಲಸಗಾರನಿಗೆ ಆಗಸ್ಟ್‌ನಲ್ಲಿ ಸೋಂಕು ಬಂತು. ಅವನು ಯಾವ ಅತಿಥಿಯ ಮುಖವನ್ನೂ ನೋಡಿದವನಲ್ಲ. ಜಿನೋಮ್ ಸೀಕ್ವೆನ್ಸಿಂಗ್, ಅಂದರೆ ವೈರಸ್ಸಿನ ವಂಶವಾಹಿಯನ್ನು ಓದುವ ಪರೀಕ್ಷೆ, ಮಾಡಿದಾಗ ಅಮೆರಿಕದಿಂದ ಬಂದ ಅತಿಥಿಯೊಬ್ಬರ ವೈರಸ್ಸಿಗೆ ಹೊಂದಿಕೆಯಾಯಿತು. ದಾಖಲೆ ತೆಗೆದು ನೋಡಿದರೆ, ಆ ಅತಿಥಿ ಲಿಫ್ಟಿನಿಂದ ಇಳಿದ ಕೆಲವೇ ನಿಮಿಷಕ್ಕೆ ಅದೇ ಲಿಫ್ಟಿಗೆ ಇವನು ಹತ್ತಿದ್ದ. ಇನ್ನೊಂದು ಕ್ರೈಸ್ಟ್‌ಚರ್ಚ್‌ನದು. ದೆಹಲಿಯಿಂದ ಬಂದ ವಿಮಾನದ ಪ್ರಯಾಣಿಕರನ್ನು ಅಲ್ಲಿ ಇಟ್ಟಿದ್ದರು. ಅಕ್ಕಪಕ್ಕದ ಎರಡು ಕೋಣೆ. ನರ್ಸ್ ಒಂದು ಕೋಣೆಯ ಬಾಗಿಲಲ್ಲಿ ನಿಂತು ಸ್ಯಾಂಪಲ್ ತೆಗೆದರು, ಬಾಗಿಲು ಮುಚ್ಚಿತು. 50 ಸೆಕೆಂಡ್ ಬಿಟ್ಟು ಪಕ್ಕದ ಬಾಗಿಲು ತೆರೆಯಿತು. ಕಿಟಕಿಯಿಲ್ಲದ ಕಾರಿಡಾರಿನಲ್ಲಿ ನಿಂತಿದ್ದ ಗಾಳಿಯೇ ಪಕ್ಕದ ಕೋಣೆಗೆ ಸೋಂಕು ದಾಟಲು ಸಾಕಾಯಿತು ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು. ನಾವು ಆ ಕಾಲದಲ್ಲಿ ತರಕಾರಿಗೆ ಸ್ಯಾನಿಟೈಸರ್ ಬಳಿಯುತ್ತಿದ್ದೆವು, ನೆನಪಿದೆಯಾ?

ಇಷ್ಟೆಲ್ಲ ಕಾದರೂ, ಊರೊಳಗೆ ಸೋಂಕು ಹರಡದೆ ಕಳೆದ 102 ದಿನಗಳ ನಂತರ, ಆಗಸ್ಟ್ 11ಕ್ಕೆ ಆಕ್ಲೆಂಡಿನ ಒಂದು ಕುಟುಂಬದಲ್ಲಿ ಸೋಂಕು ಸಿಕ್ಕಿತು. ಅದು ಎಲ್ಲಿಂದ ಬಂತೆಂದು ಕೊನೆಗೂ ಗೊತ್ತಾಗಲಿಲ್ಲ. ಚುನಾವಣೆಯನ್ನೇ ಒಂದು ತಿಂಗಳು ಮುಂದೂಡಿದರು, ಆಕ್ಲೆಂಡನ್ನು ಮಾತ್ರ ಮುಚ್ಚಿದರು, ಮತ್ತೆ ಸೊನ್ನೆಗೆ ತಂದರು. ಅಕ್ಟೋಬರ್‌ನಲ್ಲಿ ಆರ್ಡರ್ನ್ ಅವರ ಲೇಬರ್ ಪಕ್ಷಕ್ಕೆ ಅರ್ಧದಷ್ಟು ಮತ ಬಿತ್ತು.

ಲಾಕ್‌ಡೌನೇ ಇಲ್ಲದೆ ಇದನ್ನು ಮಾಡಿದವರೂ ಇದ್ದಾರೆ. ತೈವಾನ್. 2003ರಲ್ಲಿ ಸಾರ್ಸ್ ಎಂಬ ಇಂಥದೇ ಸಾಂಕ್ರಾಮಿಕದಲ್ಲಿ ಪೆಟ್ಟು ತಿಂದವರು. 2019ರ ಡಿಸೆಂಬರ್ 31ರಂದೇ ವುಹಾನ್‌ನಿಂದ ಬಂದ ವಿಮಾನಗಳಿಗೆ ಹತ್ತಿ ಪ್ರಯಾಣಿಕರನ್ನು ನೋಡಲು ಶುರು ಮಾಡಿದರು. ಫೆಬ್ರವರಿ ಮೊದಲ ವಾರಕ್ಕೆ ಮಾಸ್ಕಿಗೆ ರೇಷನ್ ಪದ್ಧತಿ. ಕ್ವಾರಂಟೈನಿನಲ್ಲಿದ್ದವರ ಮೊಬೈಲನ್ನೇ ಬೇಲಿ ಮಾಡಿಕೊಂಡರು, ಫೋನ್ ಮನೆ ಬಿಟ್ಟು ಕದಲಿದರೆ ಪೊಲೀಸರಿಗೆ ಗೊತ್ತಾಗುತ್ತಿತ್ತು. ಎರಡು ಕೋಟಿ ಮೂವತ್ತು ಲಕ್ಷ ಜನರ ಆ ದ್ವೀಪದಲ್ಲಿ 2020ರ ಇಡೀ ವರ್ಷ ಸತ್ತವರು 7 ಜನ. ನಮ್ಮ ಕರ್ನಾಟಕ ಸರ್ಕಾರವೂ ಮಾರ್ಚ್ ಕೊನೆಗೆ ಇಂಥದ್ದನ್ನೇ ಮಾಡಹೊರಟಿತ್ತು. ಹೋಂ ಕ್ವಾರಂಟೈನಿನವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಅಂತ. ಕೈಮೇಲೆ ಅಳಿಸದ ಶಾಯಿಯ ಮುದ್ರೆ ಬೇರೆ. ತೈವಾನಿನವರು ಕ್ವಾರಂಟೈನಿನಲ್ಲಿದ್ದವರಿಗೆ ದಿನಭತ್ಯೆಯನ್ನೂ ಕೊಟ್ಟರು, ನಾವು ಸೆಲ್ಫಿಯನ್ನಷ್ಟೇ ಕೇಳಿದೆವು.

ಈಗ ಬೆಲೆಯ ವಿಚಾರಕ್ಕೆ ಬರುತ್ತೇನೆ. ವೈರಸ್ಸನ್ನು ಪೂರ್ತಿ ಇಲ್ಲವಾಗಿಸುವ ಈ ಎಲಿಮಿನೇಷನ್ ನೀತಿಯ ಲಾಭ ಒಳಗಿದ್ದವರಿಗೆ, ಹೊರೆ ಹೊರಗಿದ್ದವರಿಗೆ. ಹೊರಗಿದ್ದವರು ದಿನದ ಪತ್ರಿಕಾಗೋಷ್ಠಿಯ ಯಾವ ಸಂಖ್ಯೆಯಲ್ಲೂ ಕಾಣಿಸುವುದಿಲ್ಲ. 2021ರ ಏಪ್ರಿಲ್ 8ರಂದು ನ್ಯೂಜಿಲೆಂಡಿನ ಗಡಿಯಲ್ಲಿ 23 ಪ್ರಕರಣ ಸಿಕ್ಕವು, ಅದರಲ್ಲಿ 17 ಭಾರತದಿಂದ ಬಂದವರದು. ಅದೇ ದಿನ ಘೋಷಣೆ: ಏಪ್ರಿಲ್ 11ರಿಂದ 28ರವರೆಗೆ ಭಾರತದಿಂದ ಯಾರೂ ಬರುವಂತಿಲ್ಲ, ನ್ಯೂಜಿಲೆಂಡಿನ ಪ್ರಜೆಗಳೂ ಸೇರಿ. ಸ್ವಂತ ಪ್ರಜೆಗಳಿಗೇ ಬಾಗಿಲು ಹಾಕಿದ್ದು. ಆಮೇಲೂ ಪ್ರಜೆಗಳಿಗೆ ಮತ್ತು ಅವರ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ ದಾರಿ. ವರ್ಕ್ ವೀಸಾದ ಮೇಲೆ ಅಲ್ಲಿ ದುಡಿಯುವವರ ಸಂಸಾರಗಳು ಇಲ್ಲೇ ಉಳಿದವು. ಗಂಡ ಆಕ್ಲೆಂಡಿನಲ್ಲಿ, ಹೆಂಡತಿ ಮಗು ಇಲ್ಲಿ ತವರಿನಲ್ಲಿ. ಮಗುವಿನ ಮೊದಲ ಹೆಜ್ಜೆಯನ್ನು ವಾಟ್ಸಾಪಿನಲ್ಲಿ ನೋಡಿದವರು ಇದ್ದಾರೆ. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಯಿತು. ಭಾರತದಲ್ಲಿದ್ದ ತನ್ನ ಪ್ರಜೆ ಹೇಗಾದರೂ ಮನೆಗೆ ಬಂದುಬಿಟ್ಟರೆ ಐದು ವರ್ಷದವರೆಗೆ ಜೈಲು, 66,600 ಡಾಲರ್‌ವರೆಗೆ ದಂಡ ಎಂದು ಹೆದರಿಸಿತು. 2020ರಲ್ಲಿ ಅಮೆರಿಕ, ಬ್ರಿಟನ್ ಉರಿಯುತ್ತಿದ್ದಾಗ ಹೀಗೆ ಮಾಡಿರಲಿಲ್ಲ. ಅದಕ್ಕೆ ಕಾರಣ ಏನೆಂದು ನೀವೇ ಊಹಿಸಿಕೊಳ್ಳಿ, ನನ್ನ ಊಹೆ ಅಷ್ಟೇನೂ ಸಭ್ಯವಾಗಿಲ್ಲ.

ಮಿಕ್ಕ ದೇಶಗಳಲ್ಲಿದ್ದ ನ್ಯೂಜಿಲೆಂಡಿಗರಿಗೂ ಸುಖವಿರಲಿಲ್ಲ. ಹೋಟೆಲ್ ಕೋಣೆ ಸಿಗದೆ ಟಿಕೆಟ್ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೋಣೆಗಳಿಗೆ ಲಾಟರಿಯಂಥ ಸರದಿ ತಂದರು. ವೆಬ್‌ಸೈಟಿಗೆ ಹೋಗಿ ಕಾಯಬೇಕು, ಕಂಪ್ಯೂಟರ್ ಮನಸ್ಸಿಗೆ ಬಂದ ಸಂಖ್ಯೆ ಕೊಡುತ್ತದೆ. ಮೊದಲ ದಿನವೇ 3,000ಕ್ಕೆ ಸ್ವಲ್ಪ ಹೆಚ್ಚು ಕೋಣೆಗಳಿಗೆ 30,000ಕ್ಕೂ ಹೆಚ್ಚು ಜನ ಕಾದಿದ್ದರು. ಸಾಯುತ್ತಿರುವ ತಂದೆಯನ್ನು ನೋಡಬೇಕಾದವನೂ ರಜೆಗೆ ಬರುವವನೂ ಒಂದೇ ಸಾಲಿನಲ್ಲಿ. 2022ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಹೇಳಿತು: ಕ್ವಾರಂಟೈನ್ ಬೇಕಿತ್ತು, ಆದರೆ ಪ್ರಜೆಗೆ ತನ್ನ ದೇಶಕ್ಕೆ ಮರಳುವ ಹಕ್ಕನ್ನು ಈ ಲಾಟರಿ ಕೆಲವರ ವಿಷಯದಲ್ಲಿ ಸಮರ್ಥಿಸಲಾಗದಷ್ಟು ಮೊಟಕು ಮಾಡಿತು. ತೀರ್ಪು ಬರುವಷ್ಟರಲ್ಲಿ ಗಡಿ ತೆರೆಯಲು ಶುರುವಾಗಿತ್ತು.

ಗಡಿ ತೆರೆಯುವ ಮಾತು ಬಂತು. ಸೊನ್ನೆಯನ್ನು ಕಾಯುವುದು ಲಸಿಕೆ ಬರುವವರೆಗೆ ಸಮಯ ಕೊಂಡುಕೊಳ್ಳುವುದಕ್ಕೆ. ಆದರೆ ಸೊನ್ನೆ ಇರುವಾಗ ಲಸಿಕೆಗೆ ಅವಸರ ಎನಿಸುವುದಿಲ್ಲ. 2021ರ ಆಗಸ್ಟ್ 17ರಂದು ಆಕ್ಲೆಂಡಿನಲ್ಲಿ ಡೆಲ್ಟಾ ರೂಪಾಂತರಿ ವೈರಸ್ಸಿನ ಒಂದೇ ಒಂದು ಪ್ರಕರಣಕ್ಕೆ ಇಡೀ ದೇಶವನ್ನು ಮುಚ್ಚಿದರಲ್ಲ, ಆಗ ಎರಡೂ ಡೋಸ್ ಆದವರು ಐವರಲ್ಲಿ ಒಬ್ಬರು ಮಾತ್ರ. ವಯಸ್ಸಾದವರಿಗೆ ಮೊದಲು ಎನ್ನುವ ನಿಯಮ ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲಿ ಯುವಕರೇ ಹೆಚ್ಚು, ಚಿಕ್ಕ ವಯಸ್ಸಿಗೇ ಕಾಯಿಲೆ ಬೀಳುವವರೂ ಹೆಚ್ಚು. ಅವರು ಸಾಲಿನ ಕೊನೆಗೆ ಬಿದ್ದರು. ಮಾವೊರಿಗಳೊಂದಿಗೆ ಮಾಡಿಕೊಂಡಿದ್ದ ಹಳೆಯ ವೈಟಾಂಗಿ ಒಪ್ಪಂದವನ್ನು ಸರ್ಕಾರ ಮುರಿದಿದೆ ಎಂದು, ಆ ಒಪ್ಪಂದದ ದೂರುಗಳನ್ನು ಕೇಳುವ ವೈಟಾಂಗಿ ಟ್ರಿಬ್ಯೂನಲ್ ಅದೇ ಡಿಸೆಂಬರ್‌ನಲ್ಲಿ ಹೇಳಿತು.

ಡೆಲ್ಟಾ ಮೊದಲಿನ ಲೆಕ್ಕಕ್ಕೆ ಬಗ್ಗಲಿಲ್ಲ. ಏಳು ವಾರ ಕಳೆದರೂ ಸಂಖ್ಯೆ ಸೊನ್ನೆಗೆ ಇಳಿಯಲಿಲ್ಲ. ಅಕ್ಟೋಬರ್ 4ರಂದು ಪ್ರಧಾನಿ ಹಳೆಯ ನೀತಿಯಿಂದ ಹೊರಬರುತ್ತಿದ್ದೇವೆ ಎಂದರು. ತಮ್ಮನ್ನು ಗೆಲ್ಲಿಸಿದ ನೀತಿಯ ಕಾಲ ಮುಗಿಯಿತು ಎಂದು ತಾವೇ ನಿಂತು ಹೇಳುವುದು ಯಾವ ರಾಜಕಾರಣಿಗೂ ಸುಲಭವಲ್ಲ. ಆದರೂ ಬಾಗಿಲನ್ನು ದಡಕ್ಕನೆ ತೆರೆಯಲಿಲ್ಲ. ಡಿಸೆಂಬರ್ ಮಧ್ಯಕ್ಕೆ 12 ವರ್ಷ ದಾಟಿದವರಲ್ಲಿ ಶೇ. 90 ಜನಕ್ಕೆ ಎರಡು ಡೋಸ್ ಆಯಿತು. ಒಮಿಕ್ರಾನ್ ಹಬ್ಬಿದ್ದು ಅದರ ನಂತರ. ಎರಡು ವರ್ಷದ ಕೊನೆಗೆ ಆ ದೇಶದ ಕೋವಿಡ್ ಸಾವು ಐವತ್ತರ ಆಸುಪಾಸು.

ಹಾಂಗ್‌ಕಾಂಗ್ ಕೂಡ ಎರಡು ವರ್ಷ ಸೊನ್ನೆಯ ಹತ್ತಿರ ಇತ್ತು. ಅಲ್ಲಿ ಮುದುಕರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಕಾಯಿಲೆಯೇ ಇಲ್ಲದ ಊರಲ್ಲಿ ಸೂಜಿಯ ಭಯ ದೊಡ್ಡದಾಗಿ ಕಂಡಿತ್ತು. 2022ರ ಫೆಬ್ರವರಿ, ಮಾರ್ಚ್‌ನಲ್ಲಿ ಒಮಿಕ್ರಾನ್ ಬಂದಾಗ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ಜಾಗಗಳಲ್ಲಿ ಅದೂ ಒಂದಾಯಿತು. ಚೀನಾ ಅದನ್ನು ಕಣ್ಣೆದುರೇ ನೋಡಿಯೂ ಶಾಂಘೈಯನ್ನು ಎರಡು ತಿಂಗಳು ಮುಚ್ಚಿತು. ನವೆಂಬರ್ 24ರಂದು ಚೀನಾದ ಉರುಮ್ಚಿ ನಗರದ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಹತ್ತು ಜನ ಸತ್ತರು, ಲಾಕ್‌ಡೌನ್ ಅಡೆತಡೆಗಳಿಂದಲೇ ಅವರು ಉಳಿಯಲಿಲ್ಲ ಎಂದು ಸಿಟ್ಟಾದ ಜನ ಖಾಲಿ ಬಿಳಿ ಹಾಳೆ ಹಿಡಿದು ಬೀದಿಗಿಳಿದರು. ಡಿಸೆಂಬರ್ 7ಕ್ಕೆ ನಿಯಮಗಳನ್ನು ಹಠಾತ್ತನೆ ಸಡಿಲಿಸಿದರು, ಅದೂ ಚಳಿಗಾಲದಲ್ಲಿ. ಮುಂದಿನ ಐದು ವಾರದಲ್ಲಿ ಆಸ್ಪತ್ರೆಗಳಲ್ಲೇ ಸುಮಾರು 60,000 ಸಾವು ಎಂದು ಸರ್ಕಾರವೇ ಒಪ್ಪಿಕೊಂಡಿತು, ನಿಜ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದು ಹೊರಗಿನ ತಜ್ಞರು ಹೇಳುತ್ತಾರೆ. ಮೂರು ವರ್ಷ ಕೊಂಡುಕೊಂಡ ಸಮಯವನ್ನು ಹಿರಿಯರಿಗೆ ಬೂಸ್ಟರ್ ಹಾಕಿಸಲು ಬಳಸದೆ, ಮತ್ತೆ ಮತ್ತೆ ಜನರ ಗಂಟಲು ಪರೀಕ್ಷೆ ಮಾಡಲು ಬಳಸಿದರು.

ಪ್ರಶ್ನೆಗಳ ಹೊತ್ತಿನಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: 'ಎಲ್ಲ ಸರಿ, ಭಾರತದಲ್ಲಿ ಇದು ಸಾಧ್ಯವಿತ್ತಾ?'

ಇಡೀ ದೇಶದಲ್ಲಿ ಸಾಧ್ಯವಿರಲಿಲ್ಲ ಎಂದೇ ನನ್ನ ಉತ್ತರ. ಆದರೆ ಭಾರತದೊಳಗೇ ಒಂದು ಕಡೆ ಆಗಿತ್ತು, ಅದೂ ನಮ್ಮ ಮಂಗಳೂರಿನ ಎದುರಿಗೆ. ಲಕ್ಷದ್ವೀಪ. ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು, ಮಂಗಳೂರಿನ ಹಳೇ ಬಂದರಿನಿಂದ ಇವತ್ತಿಗೂ ತರಕಾರಿ, ಜಲ್ಲಿ, ಸಿಮೆಂಟ್ ಅಲ್ಲಿಗೆ ಹೋಗುತ್ತದೆ. 64,000 ಚಿಲ್ಲರೆ ಜನ. 2020ರ ಇಡೀ ವರ್ಷ ಅಲ್ಲಿ ಒಂದೂ ಪ್ರಕರಣವಿಲ್ಲ. ದ್ವೀಪಕ್ಕೆ ಹೋಗುವವರು ಮೊದಲು ಕೊಚ್ಚಿಯಲ್ಲಿ ಕ್ವಾರಂಟೈನಿನಲ್ಲಿದ್ದು, ಪರೀಕ್ಷೆ ಮಾಡಿಸಿಕೊಂಡು ಹಡಗು ಹತ್ತಬೇಕಿತ್ತು. ಶಾಲೆಗಳು ಕೂಡ ದೇಶಕ್ಕಿಂತ ಮುಂಚೆ ತೆರೆದವು. ಡಿಸೆಂಬರ್‌ನಲ್ಲಿ ಹೊಸ ಆಡಳಿತಾಧಿಕಾರಿ ಬಂದರು, ನಿಯಮ ಬದಲಾಯಿತು. ಕ್ವಾರಂಟೈನ್ ಬೇಡ, ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯೊಂದಿದ್ದರೆ ಸಾಕು. ಸೋಂಕು ತಗಲಿದ ಮೊದಲ ಒಂದೆರಡು ದಿನ ಆ ಪರೀಕ್ಷೆಯಲ್ಲೂ ಅದು ಕಾಣುವುದಿಲ್ಲ. ಲಕ್ಷದ್ವೀಪದ ಮೊದಲ ಪ್ರಕರಣ ವರದಿಯಾದದ್ದು 2021ರ ಜನವರಿ 18ಕ್ಕೆ, ಮೇ ಮುಗಿಯುವಷ್ಟರಲ್ಲಿ ಅದು ಸಾವಿರಗಳಾಗಿತ್ತು. ಭಾರತದಲ್ಲಿ ಲಸಿಕೆ ಹಾಕಲು ಶುರು ಮಾಡಿದ್ದು ಜನವರಿ 16ಕ್ಕೆ. ದ್ವೀಪದ ಅಷ್ಟು ಜನಕ್ಕೆ ಎರಡೆರಡು ಡೋಸ್ ಹಾಕಲು ಎಷ್ಟು ಸಮಯ ಬೇಕಿತ್ತು, ನಿಯಮವನ್ನು ಅಷ್ಟು ದಿನ ಹಾಗೇ ಬಿಟ್ಟಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು ಎಂದು ಆಡಳಿತದವರನ್ನು ಕೇಳಬೇಕು.